ಜ್ವರ ಬಿಟ್ಟ ಮೇಲೆ ಉಸಿರು ಕಟ್ಟಿದ್ದೇಕೆ?

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆಯ ಕಾಲ. ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದ ನಮ್ಮ ಸೋದರಮಾವನಿಗೆ ಜ್ವರ ಬಂತು. ಮೈಕೈ ನೋವು, ಒಣ ಕೆಮ್ಮು. ಐದನೇ ದಿನ ಜ್ವರ ಬಿಟ್ಟಿತು. ಆರನೇ ದಿನ ಬೆಳಿಗ್ಗೆ ಅತ್ತೆಯ ಹತ್ತಿರ ಮಂಡಕ್ಕಿ ಒಗ್ಗರಣೆ ಮಾಡಿಸಿಕೊಂಡು ತಿಂದರು. "ಬಾಯಿಗೆ ರುಚಿ ಹತ್ತಿತು ಕಣಪ್ಪಾ, ಇನ್ನೇನೂ ಭಯ ಇಲ್ಲ" ಅಂತ ನನಗೆ ಫೋನ್ ಮಾಡಿ ಹೇಳಿದರು. ಎಂಟನೇ ದಿನ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ದಮ್ಮು ಹತ್ತಿತು. ಆಕ್ಸಿಮೀಟರ್ 86 ತೋರಿಸುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಡಾಕ್ಟರನ್ನು ಕೇಳಿದರು. "ಜ್ವರ ಬಿಟ್ಟು ಮೂರು ದಿನ ಆಯ್ತಲ್ಲ ಸರ್, ರೋಗ ಹೋಯ್ತು ಅಂದ್ಕೊಂಡಿದ್ವಿ. ಈಗ ಉಸಿರು ಯಾಕೆ ಕಟ್ಟುತ್ತೆ?"

ಡಾಕ್ಟರಿಗೆ ಉತ್ತರ ಹೇಳುವಷ್ಟು ಹೊತ್ತಿರಲಿಲ್ಲ. ಅವರು ಮರುಪ್ರಶ್ನೆ ಕೇಳಿದರು. "ಅಮ್ಮಾ, ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ."

ಈ ಎರಡು ಪ್ರಶ್ನೆಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ಬಿಳಿ ರಕ್ತಕಣ ಅಂದರೆ ಸೈನಿಕ, ವೈರಸ್ ಅಂದರೆ ಶತ್ರು, ಸೈನಿಕ ಗೆದ್ದರೆ ನಾವು ಉಳಿಯುತ್ತೇವೆ ಅಂತ ವರ್ಷ ವರ್ಷವೂ ಪಾಠ ಮಾಡಿದ್ದೇನೆ. ಅತ್ತೆಯ ಪ್ರಶ್ನೆಗೆ ಆ ಪಾಠದಲ್ಲಿ ಉತ್ತರ ಇರಲಿಲ್ಲ. ಸೈನಿಕ ಗೆಲ್ಲುತ್ತಿದ್ದ ಹೊತ್ತಿನಲ್ಲೇ ಮಾವನ ಶ್ವಾಸಕೋಶ ಕೈಕೊಟ್ಟಿತ್ತು.

ಕೋವಿಡ್ ಮುಗಿಯಿತಲ್ಲ, ಈಗ್ಯಾಕೆ ಈ ಮಾತು ಅನ್ನಬಹುದು. ಮಳೆಗಾಲದಲ್ಲಿ, ಚಳಿಗಾಲದಲ್ಲಿ ನಮ್ಮಲ್ಲಿ ಫ್ಲೂ ಬರುವುದು ನಿಂತಿಲ್ಲ. 2009ರಲ್ಲಿ ಬಂದ ಎಚ್1ಎನ್1 ಹೋಗಿಲ್ಲ, ಈಗ ಪ್ರತಿ ವರ್ಷದ ಫ್ಲೂಗಳಲ್ಲಿ ಅದೂ ಒಂದು. 2025ರ ಜನವರಿಯಲ್ಲಿ ಬೆಂಗಳೂರಿನ ಶಿಶುಗಳಲ್ಲಿ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಸಿಕ್ಕಿದಾಗ ಊರೆಲ್ಲ ಗಾಬರಿಯಾಯಿತು. ಅದೇ ವರ್ಷ ಪಕ್ಕದ ಆಂಧ್ರದಲ್ಲಿ ಎರಡು ವರ್ಷದ ಮಗುವೊಂದು ಹಕ್ಕಿಜ್ವರದಿಂದ ತೀರಿಕೊಂಡಿತು. ಇಂಥ ಪ್ರತಿ ಸುದ್ದಿಯ ಹಿಂದೆಯೇ ವಾಟ್ಸ್‌ಆಪ್‌ನಲ್ಲಿ 'ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ' ಅನ್ನುವ ಸಂದೇಶಗಳು ಹರಿದಾಡುತ್ತವೆ. ಮೊದಲ ದಿನವೇ ಸ್ಟೆರಾಯ್ಡ್ ಸೂಜಿ ಮಾಡಿಸಿಕೊಳ್ಳುವವರೂ ಇದ್ದಾರೆ. ಅತ್ತೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಈ ಎರಡೂ ಯಾಕೆ ತಪ್ಪು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಶ್ವಾಸಕೋಶದಿಂದಲೇ ಶುರು ಮಾಡೋಣ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗೂಡುಗಳಿವೆ. ಒಬ್ಬ ವಯಸ್ಕನಲ್ಲಿ ಅವು 30 ಕೋಟಿಯಿಂದ 50 ಕೋಟಿಯವರೆಗೆ ಇರುತ್ತವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಜಾಗ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹತ್ತಿರ ಹತ್ತಿರ ಒಂದು 20-40ರ ಸೈಟು. ಅಷ್ಟು ಅಗಲದ ಪೊರೆಯ ಒಂದು ಮಗ್ಗುಲಲ್ಲಿ ಗಾಳಿ, ಇನ್ನೊಂದು ಮಗ್ಗುಲಲ್ಲಿ ರಕ್ತ. ನಡುವಿನ ಗೋಡೆಯ ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ. ತಲೆಗೂದಲಿನ ದಪ್ಪದಲ್ಲಿ ನೂರನೇ ಒಂದು ಪಾಲಿನಷ್ಟು ಅಂದುಕೊಳ್ಳಿ. ಗೋಡೆ ಅಷ್ಟು ತೆಳುವಾಗಿರುವುದರಿಂದಲೇ ಆಮ್ಲಜನಕ ಕ್ಷಣದಲ್ಲಿ ರಕ್ತಕ್ಕೆ ದಾಟುತ್ತದೆ. ಅಷ್ಟು ತೆಳುವಾದ ಗೋಡೆಯ ಮೇಲೆ ಜಗಳ ನಡೆದರೆ ಗೋಡೆ ಉಳಿಯುವುದು ಕಷ್ಟ.

ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಒಂದು ಬಗೆಯವು ಚಪ್ಪಟೆಯಾಗಿ ಹರಡಿಕೊಂಡು ಗಾಳಿ ದಾಟುವ ಹಾಸಾಗಿರುತ್ತವೆ. ಇನ್ನೊಂದು ಬಗೆಯವು ದುಂಡಗೆ, ಮೂಲೆಯಲ್ಲಿ ಕೂತಿರುತ್ತವೆ. ಸರ್ಫ್ಯಾಕ್ಟೆಂಟ್ ಅನ್ನುವ ಜಾರು ದ್ರವ ತಯಾರಿಸುವುದು ಇವೇ. ಸಾಬೂನು ನೀರಿನ ಬಿಗುವನ್ನು ಸಡಿಲಿಸುತ್ತದಲ್ಲ, ಹಾಗೆಯೇ ಈ ದ್ರವ ಗಾಳಿಗೂಡುಗಳು ಉಸಿರು ಬಿಟ್ಟಾಗ ಒಳಕ್ಕೆ ಕುಸಿದು ಅಂಟಿಕೊಳ್ಳದಂತೆ ಕಾಯುತ್ತದೆ. ಕೋವಿಡ್ ವೈರಸ್ ಶ್ವಾಸಕೋಶದ ಆಳಕ್ಕಿಳಿದಾಗ ಮುಖ್ಯವಾಗಿ ಹಿಡಿಯುವುದು ಈ ದುಂಡು ಕೋಶಗಳನ್ನೇ. ಫ್ಲೂ ವೈರಸ್ ಕೂಡ ಇವುಗಳನ್ನು ಬಿಡುವುದಿಲ್ಲ.

ವೈರಸ್ ಹೊಕ್ಕ ಜೀವಕೋಶ ಸುಮ್ನೆ ಕೂರುವುದಿಲ್ಲ. ಇಂಟರ್‌ಫೆರಾನ್ ಅನ್ನುವ ಪ್ರೊಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು. ಕೋಳಿಮೊಟ್ಟೆಯ ಪೊರೆಗೆ ಸತ್ತ ಫ್ಲೂ ವೈರಸ್ ಮುಟ್ಟಿಸಿದರೆ, ಆಮೇಲೆ ಜೀವಂತ ವೈರಸ್ ಹಾಕಿದರೂ ಅದು ಅಲ್ಲಿ ಬೆಳೆಯುತ್ತಿರಲಿಲ್ಲ. ಪೊರೆಯಿಂದ ಹೊರಬಂದ ಏನೋ ಒಂದು ವೈರಸ್ಸಿಗೆ ಅಡ್ಡ ಬರುತ್ತಿತ್ತು. ಆ ಏನೋ ಒಂದೇ ಇಂಟರ್‌ಫೆರಾನ್. ಅದರ ಸುದ್ದಿ ಮುಟ್ಟಿದ ನೆರೆಯ ಕೋಶ ವೈರಸ್ ನಕಲು ಮಾಡಿಕೊಳ್ಳುವ ದಾರಿಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಇದು ಮೊದಲ ಒಂದೆರಡು ದಿನಗಳಲ್ಲೇ ನಡೆದುಬಿಟ್ಟರೆ ಹೆಚ್ಚಿನ ಜನಕ್ಕೆ ಬರೀ ನೆಗಡಿ, ಸ್ವಲ್ಪ ಜ್ವರ, ಅಷ್ಟರಲ್ಲೇ ಮುಗಿಯುತ್ತದೆ.

ಚಿತ್ರದುರ್ಗದ ಕಡೆಯವರಿಗೆ ಇದನ್ನು ಹೇಳುವಾಗ ನನಗೆ ಓಬವ್ವ ನೆನಪಾಗುತ್ತಾಳೆ. ಕಿಂಡಿಯಲ್ಲಿ ಒಬ್ಬೊಬ್ಬನೇ ತಲೆ ತೂರಿಸುವಾಗ ಒಂದು ಒನಕೆ ಸಾಕಾಯಿತು. ಆ ಕಿಂಡಿ ದಾಟಿ ನೂರಾರು ಜನ ಒಳಗೆ ಬಂದ ಮೇಲೆ ಯುದ್ಧ ನಡೆಯುವುದು ಮನೆಗಳ ನಡುವೆ. ಆಗ ಶತ್ರು ಸತ್ತರೂ ಊರು ಸುಟ್ಟಿರುತ್ತದೆ.

ವೈರಸ್‌ಗಳಿಗೂ ಈ ಕಿಂಡಿಯ ಕಾವಲು ಗೊತ್ತು. ಫ್ಲೂ ವೈರಸ್ಸಿನಲ್ಲಿ, ಸಾರ್ಸ್ ಜಾತಿಯ ವೈರಸ್ಸುಗಳಲ್ಲಿ (ಕೋವಿಡ್ ವೈರಸ್ಸೂ ಅದೇ ಜಾತಿ) ಇಂಟರ್‌ಫೆರಾನ್ ಸಂಕೇತವನ್ನು ಅದುಮಿಡುವುದಕ್ಕೆಂದೇ ಪ್ರೊಟೀನ್‌ಗಳಿವೆ. ಸಂಕೇತ ತಡವಾದಷ್ಟೂ ವೈರಸ್ ಲಕ್ಷ ಲಕ್ಷವಾಗಿ ಹೆಚ್ಚುತ್ತದೆ. ದೇಹಕ್ಕೆ ಎಚ್ಚರವಾಗುವ ಹೊತ್ತಿಗೆ ಸೋಂಕು ಗಾಳಿಗೂಡುಗಳವರೆಗೆ ಹಬ್ಬಿರುತ್ತದೆ. ಆಗ ಬರುವುದು ದೇಹದ ಪ್ರತಿಕ್ರಿಯೆಯ ಎರಡನೇ ಅಲೆ. ಗಾಳಿಗೂಡಿನ ಒಳಗೆ ಯಾವಾಗಲೂ ಕಸ ಗುಡಿಸುತ್ತಿರುವ ಮ್ಯಾಕ್ರೋಫೇಜ್ ಕೋಶಗಳು ಸೈಟೋಕೈನ್‌ಗಳೆಂಬ ಕರೆಯೋಲೆಗಳನ್ನು ಹೊರಡಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ. ನಾಳದ ಒಳಗೋಡೆಯ ಕೋಶಗಳು ಬಿಳಿ ರಕ್ತಕಣಗಳು ನುಸುಳಿ ಹೊರಬರಲೆಂದು ತಮ್ಮ ನಡುವಿನ ಬೆಸುಗೆಯನ್ನು ಸಡಿಲ ಮಾಡುತ್ತವೆ. ಕೈಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಊದಿ, ಬಿಸಿಯಾಗುತ್ತದಲ್ಲ, ಅದೂ ಇದೇ ಉರಿಯೂತ. ಬೆರಳು ಊದಿದರೆ ನಾಲ್ಕು ದಿನ ನೋವು ಅಷ್ಟೇ. ಒಂದು ಮೈಕ್ರಾನ್ ದಪ್ಪದ ಗೋಡೆ ಊದಿದರೆ?

ಗೋಡೆ ಸೋರುತ್ತದೆ. ರಕ್ತದ ನೀರು, ಪ್ರೊಟೀನು ಗಾಳಿಗೂಡಿನೊಳಗೆ ಇಳಿಯುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಗುಂಪಾಗಿ ಬರುತ್ತವೆ. ಅವುಗಳ ಹತ್ತಿರ ಪ್ರೊಟೀನನ್ನೇ ಕರಗಿಸುವ ಕಿಣ್ವಗಳಿವೆ, ಆಮ್ಲಜನಕದಿಂದ ತಯಾರಾದ ತೀಕ್ಷ್ಣ ರಾಸಾಯನಿಕಗಳಿವೆ. ಸಾಯುವಾಗ ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಬೀಸುವ ಗುಣವೂ ಅವಕ್ಕಿದೆ. ಇದು ಗೊತ್ತಾದದ್ದು 2004ರಲ್ಲಿ. ಬ್ಯಾಕ್ಟೀರಿಯಾ ಹಿಡಿಯುವುದಕ್ಕೆ ಆ ಬಲೆ ಒಳ್ಳೆಯದೇ. ಆದರೆ ಅದು ತೆಳು ಗೋಡೆಗೂ ಗಾಯ ಮಾಡುತ್ತದೆ, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೂ ದಾರಿ ಮಾಡಿಕೊಡುತ್ತದೆ. ಸರ್ಫ್ಯಾಕ್ಟೆಂಟ್ ತಯಾರಿಸುವ ಕೋಶಗಳು ಸಾಯುತ್ತವೆ. ಉಳಿದ ಸರ್ಫ್ಯಾಕ್ಟೆಂಟ್ ಸೋರಿದ ಪ್ರೊಟೀನಿನ ಜೊತೆ ಸೇರಿ ಕೆಡುತ್ತದೆ. ಗಾಳಿಗೂಡುಗಳು ಒಂದೊಂದೇ ಕುಸಿಯುತ್ತವೆ. ಸತ್ತ ಕೋಶ ಮತ್ತು ಪ್ರೊಟೀನಿನ ಗಸಿ ಗೋಡೆಗೆ ಬಳಿದಂತೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಆಮ್ಲಜನಕ ಕೊಟ್ಟರೂ ಅದು ರಕ್ತದ ಕಡೆಗೆ ದಾಟಲು ಒದ್ದಾಡುತ್ತದೆ.

ನಮ್ಮೂರಿನವರಿಗೆ ಇದನ್ನು ಅರ್ಥ ಮಾಡಿಸಲು ಅಡುಗೆಮನೆಯೇ ಸಾಕು. ಒಗ್ಗರಣೆಗೆ ಮೊದಲು ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ತೆಗೆಯುತ್ತೇವೆ. ಒಣ ಮಂಡಕ್ಕಿ ಎಷ್ಟು ಹಗುರ! ಒಳಗೆಲ್ಲ ಗಾಳಿ. ಮೊರದ ತುಂಬ ಇದ್ದರೂ ಕೈಗೆ ಭಾರ ಅನ್ನಿಸುವುದಿಲ್ಲ. ನೀರು ಹೀರಿದ್ದೇ ತಡ, ಅದೇ ಮಂಡಕ್ಕಿ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಭಾರವಾಗಿ ಬುಟ್ಟಿಯ ತಳಕ್ಕೆ ಕೂರುತ್ತದೆ. ನೀರು ತುಂಬಿದ ಶ್ವಾಸಕೋಶವೂ ಹೀಗೆಯೇ. ತನ್ನ ಮಾಮೂಲಿ ತೂಕದ ಎರಡು ಪಟ್ಟನ್ನೂ ಮೀರಿ ಅದು ಭಾರವಾಗಬಹುದು. ಮಲಗಿದ ರೋಗಿಯ ಬೆನ್ನಿನ ಕಡೆಯ ಭಾಗ ಮೇಲಿನ ಭಾರಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಮಾವನ ಸಿಟಿ ಸ್ಕ್ಯಾನಿನಲ್ಲಿ ಕಪ್ಪಗೆ ಕಾಣಬೇಕಾದ ಜಾಗವೆಲ್ಲ ಗಾಜಿನ ಮೇಲೆ ಉಸಿರು ಬಿಟ್ಟಂತೆ ಮಸುಕಾಗಿತ್ತು. ಆ ವರ್ಷ ಊರೆಲ್ಲ 'ಸ್ಕೋರ್ ಎಷ್ಟು, ಸ್ಕೋರ್ ಎಷ್ಟು' ಅಂತ ಕೇಳುತ್ತಿದ್ದದ್ದು ಈ ಮಸುಕು ಎಷ್ಟು ಹಬ್ಬಿದೆ ಅನ್ನುವ ಅಂದಾಜನ್ನೇ.

ವೈದ್ಯರು ಈ ಸ್ಥಿತಿಯನ್ನು ಎಆರ್‌ಡಿಎಸ್ ಅನ್ನುತ್ತಾರೆ. 1967ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು 12 ರೋಗಿಗಳನ್ನು ನೋಡಿ ಇದನ್ನು ಮೊದಲ ಬಾರಿ ವಿವರಿಸಿದರು. ಆ ಹನ್ನೆರಡು ಜನರ ಕಾಯಿಲೆಗಳು ಬೇರೆ ಬೇರೆ. ಕೆಲವರಿಗೆ ಅಪಘಾತದ ಪೆಟ್ಟು, ಕೆಲವರಿಗೆ ವೈರಸ್ ಸೋಂಕು, ಒಬ್ಬರಿಗೆ ಮೇದೋಜೀರಕ ಗ್ರಂಥಿಯ ಊತ. ಶ್ವಾಸಕೋಶ ಮಾತ್ರ ಎಲ್ಲರದ್ದೂ ಒಂದೇ ರೀತಿ ಕೆಟ್ಟಿತ್ತು. ಕಾರಣಗಳು ಇಷ್ಟು ಬೇರೆಯಾಗಿದ್ದೂ ಹಾನಿ ಒಂದೇ ಆಗಿದ್ದರೆ, ಹಾನಿ ಮಾಡುವ ಕೈ ದೇಹದ ಒಳಗೇ ಇರಬೇಕು ಅನ್ನುವ ಅನುಮಾನ ಸಹಜ ಅಲ್ವಾ?

ಈ ಅನುಮಾನ ನಿಜ ಅಂತ ತೋರಿಸುವ ಮೂರು ಘಟನೆಗಳಿವೆ. ಮೊದಲನೆಯದು ಇಲಿಗಳದ್ದು. ಇಲಿಗಳ ಮೆದುಳಿಗೆ ಸೋಂಕು ತರುವ ಒಂದು ವೈರಸ್ ಇದೆ. ಸೋಂಕಿದ ಇಲಿ ಸಾಯುತ್ತದೆ. ಆದರೆ ಸೋಂಕಿದ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಾದ ಟಿ ಕೋಶಗಳೇ ಇಲ್ಲದ ಇಲಿಗೆ ಅದೇ ವೈರಸ್ ಕೊಟ್ಟರೆ ಅದು ಸಾಯುವುದಿಲ್ಲ. ವೈರಸ್ಸನ್ನು ಮೈಯಲ್ಲಿ ಇಟ್ಟುಕೊಂಡೇ ಬದುಕುತ್ತದೆ. ಇಲಿಯನ್ನು ಕೊಲ್ಲುತ್ತಿದ್ದದ್ದು ವೈರಸ್ ತುಂಬಿದ ಕೋಶಗಳ ಮೇಲೆ ಅದರದ್ದೇ ಟಿ ಕೋಶಗಳು ಮಾಡುತ್ತಿದ್ದ ದಾಳಿ. ಟಿ ಕೋಶಗಳು ಸೋಂಕಿದ ಕೋಶವನ್ನು ಹೇಗೆ ಗುರುತು ಹಿಡಿಯುತ್ತವೆ ಅನ್ನುವುದನ್ನು ಪೀಟರ್ ಡೊಹೆರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ 1970ರ ದಶಕದಲ್ಲಿ ಕ್ಯಾನ್‌ಬೆರಾದಲ್ಲಿ ಈ ವೈರಸ್ ಇಟ್ಟುಕೊಂಡೇ ಕಂಡುಹಿಡಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಡೊಹೆರ್ಟಿ ಓದಿದ್ದು ಪಶುವೈದ್ಯಕೀಯ. ನನ್ನ ಕ್ಲಾಸಿನ ಮಕ್ಕಳು ವೆಟರಿನರಿ ಸೀಟನ್ನು ಎರಡನೇ ದರ್ಜೆಯದು ಅಂದುಕೊಂಡಾಗಲೆಲ್ಲ ನಾನು ಇವರ ಹೆಸರು ಹೇಳುತ್ತೇನೆ.

ಎರಡನೆಯದು 1993ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ನಡೆದದ್ದು. ಗಟ್ಟಿಮುಟ್ಟಾದ ಯುವಕ ಯುವತಿಯರು ಜ್ವರ ಬಂದ ಕೆಲವೇ ದಿನಗಳಲ್ಲಿ ಉಸಿರು ಕಟ್ಟಿ ಸಾಯತೊಡಗಿದರು. ಇಲಿಗಳಿಂದ ಬರುವ ಹಂಟಾ ವೈರಸ್ ಅದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯಿತು. ಈ ವೈರಸ್ ರಕ್ತನಾಳದ ಒಳಗೋಡೆಯ ಕೋಶಗಳನ್ನು ಹೊಕ್ಕರೂ ಅವನ್ನು ಕೊಲ್ಲುವುದಿಲ್ಲ. ಹಾಗಿದ್ದರೂ ನಾಳಗಳು ಸೋರಿ, ಗಂಟೆಗಳ ಲೆಕ್ಕದಲ್ಲಿ ಶ್ವಾಸಕೋಶ ತುಂಬಿಹೋಗುತ್ತಿತ್ತು. ಈ ಸೋರಿಕೆಯಲ್ಲಿ ದೇಹದ್ದೇ ಪ್ರತಿಕ್ರಿಯೆಯ ಪಾಲು ದೊಡ್ಡದು.

ಮೂರನೆಯದರಲ್ಲಿ ವೈರಸ್ಸೇ ಇಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಆರು ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಅನ್ನುವ ಹೊಸ ಔಷಧದ ಪ್ರಯೋಗ ಮಾಡಿದರು. ಟಿ ಕೋಶಗಳನ್ನು ಎಬ್ಬಿಸುವ ಔಷಧ ಅದು. ಪ್ರಾಣಿಗಳಿಗೆ ಸುರಕ್ಷಿತ ಅನ್ನಿಸಿದ ಪ್ರಮಾಣದ ಐನೂರನೇ ಒಂದು ಪಾಲು ಮಾತ್ರ ಕೊಟ್ಟಿದ್ದರು. ಒಂದೂವರೆ ಗಂಟೆಯಲ್ಲೇ ತಲೆನೋವು, ಚಳಿ, ವಾಂತಿ ಶುರುವಾಯಿತು. ಒಂದು ದಿನ ಕಳೆಯುವುದರೊಳಗೆ ಆರೂ ಜನ ತೀವ್ರ ನಿಗಾ ಘಟಕದಲ್ಲಿದ್ದರು. ಶ್ವಾಸಕೋಶ, ಮೂತ್ರಪಿಂಡ ಕೈಕೊಟ್ಟಿದ್ದವು. ಪುಣ್ಯಕ್ಕೆ ಆರೂ ಜನ ಬದುಕಿಕೊಂಡರು. ಹೊರಗಿನ ರೋಗಾಣು ಒಂದೂ ಇಲ್ಲದೆ, ದೇಹದ ಕಾವಲನ್ನು ಕೆಣಕಿದ್ದಕ್ಕೇ ಶ್ವಾಸಕೋಶ ಕೆಡಬಹುದು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 'ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದು' ಅನ್ನುವವರಿಗೆ ನಾನು ಈ ಆರು ಜನರ ಕತೆ ಹೇಳುತ್ತೇನೆ.

ಹಾಗಂತ ವೈರಸ್ಸಿನದ್ದು ತಪ್ಪೇ ಇಲ್ಲ ಅಂತಲ್ಲ. ಅದೂ ಕೋಶಗಳನ್ನು ಕೊಲ್ಲುತ್ತದೆ. ವಿಯೆಟ್ನಾಮಿನ ಹಕ್ಕಿಜ್ವರದ ರೋಗಿಗಳಲ್ಲಿ ಯಾರ ಮೈಯಲ್ಲಿ ವೈರಸ್ ಜಾಸ್ತಿ ಇತ್ತೋ ಅವರಲ್ಲೇ ಸೈಟೋಕೈನ್ ಕೂಡ ಜಾಸ್ತಿ ಇತ್ತು. ಬೆಂಕಿ ಹಚ್ಚಿದ್ದು ವೈರಸ್ಸೇ. 1918ರ ಫ್ಲೂ ನಮ್ಮ ದೇಶದಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರಲ್ಲಿ ಗಟ್ಟಿಮುಟ್ಟಾದ ಯುವಕರು ಸತ್ತದ್ದಕ್ಕೆ ಅತಿಯಾದ ಉರಿಯೂತ ಒಂದು ಕಾರಣ ಇರಬಹುದು. ಆದರೆ ಫ್ಲೂ ಬಂದು ಹಣ್ಣಾದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಸೇರಿಕೊಂಡು ಸತ್ತವರೇ ಬಹಳ ಜನ. ಆಗ ಪೆನ್ಸಿಲಿನ್ ಇರಲಿಲ್ಲ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಿದರೆ ತಪ್ಪು ಲೆಕ್ಕ ಬರುತ್ತದೆ.

'ಸೈಟೋಕೈನ್ ಬಿರುಗಾಳಿ' ಅನ್ನುವ ಮಾತಿನ ಬಗ್ಗೆಯೂ ನನಗೆ ತಕರಾರಿದೆ. ಟಿವಿಯಲ್ಲಿ, ಪತ್ರಿಕೆಯಲ್ಲಿ ಅದು ಎಷ್ಟು ಓಡಿತೆಂದರೆ ಜನರ ಬಾಯಿಗೂ ಬಂದುಬಿಟ್ಟಿತು. ಲಂಡನ್ನಿನ ಆ ಆರು ಜನರಿಗೆ ಆದದ್ದು ನಿಜಕ್ಕೂ ಬಿರುಗಾಳಿ. ಆದರೆ ಕೋವಿಡ್ ಉಲ್ಬಣಿಸಿದವರ ರಕ್ತದಲ್ಲಿ ಐಎಲ್-6 ಎಂಬ ಮುಖ್ಯ ಸೈಟೋಕೈನನ್ನು ಅಳೆದಾಗ ಅಷ್ಟು ಮಟ್ಟ ಸಿಗಲಿಲ್ಲ. ಬೇರೆ ಕಾರಣಗಳಿಂದ ಎಆರ್‌ಡಿಎಸ್ ಬಂದವರಲ್ಲಿ ಇರುವುದಕ್ಕಿಂತಲೂ ಅದು ಸರಾಸರಿಯಲ್ಲಿ ಕಡಿಮೆ ಇತ್ತು. ಕೋವಿಡ್‌ನ ಹಾನಿ ಹೆಚ್ಚಾಗಿ ಶ್ವಾಸಕೋಶದ ಒಳಗೇ, ದಿನಗಟ್ಟಲೆ, ನಿಧಾನವಾಗಿ ಹಬ್ಬುತ್ತದೆ. ಮ್ಯಾಕ್ರೋಫೇಜ್ ಟಿ ಕೋಶವನ್ನು ಎಬ್ಬಿಸುತ್ತದೆ, ಟಿ ಕೋಶ ಮ್ಯಾಕ್ರೋಫೇಜನ್ನು ಕೆರಳಿಸುತ್ತದೆ, ಹೀಗೆ ಒಂದಕ್ಕೊಂದು ಊದುತ್ತಲೇ ಇರುತ್ತವೆ. ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದು ಗೊತ್ತಾಗುತ್ತದೆ. ಮೇಲೆ ಜ್ವಾಲೆ ಇಲ್ಲ, ಬರೀ ಬೂದಿ. ಕೋಲು ಹಾಕಿ ಕೆದಕಿದರೆ ಒಳಗೆಲ್ಲ ಕೆಂಡ. ಮಾವನಿಗೆ ಜ್ವರ ಬಿಟ್ಟ ಆ ಮೂರು ದಿನ ನಡೆದದ್ದು ಇದೇ ಅಂತ ನಾನು ನಂಬಿದ್ದೇನೆ. ಬಿರುಗಾಳಿ ಅಂದರೆ ಜನ ದೊಡ್ಡ ಸದ್ದಿಗಾಗಿ ಕಾಯುತ್ತಾರೆ. ಇಲ್ಲಿ ಸದ್ದೇ ಇರುವುದಿಲ್ಲ. ಆಕ್ಸಿಮೀಟರ್ 86 ತೋರಿಸುತ್ತಿರುವಾಗಲೂ ಮಾವ "ಆರಾಮಾಗಿದೀನಿ, ಸುಮ್ನೆ ಗಾಬರಿ ಮಾಡ್ಬೇಡ" ಅಂತ ಅತ್ತೆಗೆ ಹೇಳುತ್ತಿದ್ದರು.

ಒಂದೇ ಮನೆಯಲ್ಲಿ, ಒಂದೇ ವಾರ ಸೋಂಕು ತಗುಲಿದ್ದರೂ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಐಸಿಯು. ಅತ್ತೆಗೂ ಸೋಂಕು ಬಂದಿತ್ತು, ಎರಡು ದಿನ ಮೈಕೈ ನೋವಿನಲ್ಲಿ ಹೋಯಿತು. ಈ ವ್ಯತ್ಯಾಸಕ್ಕೆ 2020ರಲ್ಲಿ ಒಂದು ಒಳ್ಳೆಯ ಸುಳಿವು ಸಿಕ್ಕಿತು. ಕೋವಿಡ್ ವಿಷಮಿಸಿದ 987 ರೋಗಿಗಳ ರಕ್ತ ಪರೀಕ್ಷಿಸಿದಾಗ 101 ಜನರಲ್ಲಿ ಅವರದ್ದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳು ಸಿಕ್ಕವು. ಅಂದರೆ ಹತ್ತರಲ್ಲಿ ಒಬ್ಬರಿಗೆ ಕಿಂಡಿಯ ಕಾವಲನ್ನು ಅವರ ದೇಹವೇ ಕಟ್ಟಿಹಾಕಿತ್ತು. ಆ 101 ಜನರಲ್ಲಿ 95 ಮಂದಿ ಗಂಡಸರು. ವಯಸ್ಸಾದವರಲ್ಲಿ ಈ ಪ್ರತಿಕಾಯಗಳು ಜಾಸ್ತಿ. ಗಂಡಸರಿಗೆ, ಹಿರಿಯರಿಗೆ ಯಾಕೆ ಹೆಚ್ಚು ಅಪಾಯ ಅನ್ನುವುದಕ್ಕೆ ಸ್ವಲ್ಪ ಮಟ್ಟಿಗೆ ಇದು ಉತ್ತರ. ಇದಕ್ಕೆ ತದ್ವಿರುದ್ಧ ಮಕ್ಕಳದ್ದು. ಅವರ ಮೂಗಿನ ಕೋಶಗಳಲ್ಲಿ ಈ ಎಚ್ಚರಿಕೆಯ ವ್ಯವಸ್ಥೆ ಮೊದಲೇ ಅರ್ಧ ಎದ್ದು ಕೂತಿರುತ್ತದೆ. ವೈರಸ್ ಬಂದ ತಕ್ಷಣ ಕೆಲಸ ಶುರು.

ಷುಗರ್ ಇದ್ದವರಿಗೆ, ಮೈ ಭಾರ ಇರುವವರಿಗೆ ಅಪಾಯ ಜಾಸ್ತಿ ಯಾಕೆ ಅಂದರೆ ಅವರ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಯಾವಾಗಲೂ ಇರುತ್ತದೆ. ಬೀಡಿ, ಸಿಗರೇಟು, ಒಲೆಯ ಹೊಗೆ, ಭಟ್ಟಿಯ ಹೊಗೆ ಮೊದಲೇ ಶ್ವಾಸಕೋಶವನ್ನು ಸವೆಸಿರುತ್ತವೆ. ಮಂಡಕ್ಕಿ ಭಟ್ಟಿಗಳಲ್ಲಿ ದಿನವಿಡೀ ಬೆಂಕಿಯ ಮುಂದೆ ನಿಲ್ಲುವವರ ಎದೆಯ ಬಗ್ಗೆ ನಾವು ಯೋಚಿಸುವುದು ತೀರಾ ಕಡಿಮೆ. ನಮ್ಮೂರಿನ ಹೆಸರು ಬೆಳಗಿದ್ದು ಅವರ ಕೈಯಿಂದ. ಜ್ವರದ ಕಾಲದಲ್ಲಿ ಮೊದಲು ನೋಡಬೇಕಾದವರು ಅವರೇ.

ಬಾವಲಿಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮನ್ನು ಕೊಲ್ಲುವ ಎಷ್ಟೋ ವೈರಸ್‌ಗಳನ್ನು ಬಾವಲಿಗಳು ಮೈಯಲ್ಲಿಟ್ಟುಕೊಂಡು ಹಾಯಾಗಿ ಹಾರಾಡುತ್ತವೆ. ಅವುಗಳ ಕಾವಲು ನಮ್ಮದಕ್ಕಿಂತ ಬಲವಾದದ್ದು ಅಂತ ನಾವು ಅಂದುಕೊಳ್ಳಬಹುದು. ನೋಡಿದರೆ ಉರಿಯೂತ ಹೊತ್ತಿಸುವ ಕೆಲವು ಪ್ರೊಟೀನ್‌ಗಳೇ ಅವುಗಳಲ್ಲಿ ಮಂದವಾಗಿವೆ. ವೈರಸ್ಸನ್ನು ಅಂಕೆಯಲ್ಲಿಡುತ್ತವೆ, ಆದರೆ ಅದಕ್ಕಾಗಿ ತಮ್ಮ ಮನೆಗೇ ಬೆಂಕಿ ಹಚ್ಚಿಕೊಳ್ಳುವುದಿಲ್ಲ.

ಈಗ ಔಷಧದ ಮಾತು. ಡಾಕ್ಟರು 'ಎಷ್ಟನೇ ದಿನ' ಅಂತ ಕೇಳಿದ್ದರ ಗುಟ್ಟು ಇಲ್ಲಿದೆ.

ಹಾನಿ ಮಾಡುತ್ತಿರುವುದು ಉರಿಯೂತ ಅಂದ ಮೇಲೆ ಅದನ್ನು ತಗ್ಗಿಸುವ ಸ್ಟೆರಾಯ್ಡ್ ಕೊಟ್ಟರಾಯಿತಲ್ಲ? ಇದನ್ನು ಸರಿಯಾಗಿ ಪರೀಕ್ಷಿಸಿದ್ದು ಬ್ರಿಟನ್ನಿನ ರಿಕವರಿ ಪ್ರಯೋಗ. 2020ರ ಮಾರ್ಚ್‌ನಲ್ಲಿ ಶುರುವಾಯಿತು, ಜೂನ್‌ನಲ್ಲಿ ಉತ್ತರ ಬಂತು. ಅದರಲ್ಲಿ ಕೊಟ್ಟ ಸ್ಟೆರಾಯ್ಡ್ ಡೆಕ್ಸಾಮೆಥಸೋನ್. ಹಳೆಯ ಔಷಧ, ಅಗ್ಗದ್ದು, ನಮ್ಮ ಹಳ್ಳಿಯ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಇದು ಸಿಗದವರ ಪೈಕಿ ನೂರಕ್ಕೆ 41 ಜನ 28 ದಿನಗಳೊಳಗೆ ತೀರಿಕೊಂಡರೆ, ಸಿಕ್ಕವರಲ್ಲಿ 29 ಜನ ತೀರಿಕೊಂಡರು. ಆಮ್ಲಜನಕ ಮಾತ್ರ ಬೇಕಾಗಿದ್ದವರಲ್ಲಿ 26 ಇದ್ದದ್ದು 23ಕ್ಕೆ ಇಳಿಯಿತು.

ಆಮ್ಲಜನಕವೇ ಬೇಕಾಗಿಲ್ಲದವರ ಲೆಕ್ಕ ನೋಡಿ. ಸ್ಟೆರಾಯ್ಡ್ ಪಡೆಯದವರಲ್ಲಿ ನೂರಕ್ಕೆ 14, ಪಡೆದವರಲ್ಲಿ ಹತ್ತಿರ ಹತ್ತಿರ 18. ಈ ಅಂತರ ಆಕಸ್ಮಿಕವೂ ಇರಬಹುದು. ಲಾಭವಂತೂ ಇಲ್ಲ, ನಷ್ಟದ ಸೂಚನೆ ಇದೆ. ಅದೇ ಔಷಧ, ಅದೇ ರೋಗ. ಬದಲಾದದ್ದು ಯಾವ ಹಂತದಲ್ಲಿ ಕೊಟ್ಟರು ಅನ್ನುವುದು ಮಾತ್ರ. ಮೊದಲ ದಿನಗಳಲ್ಲಿ ವೈರಸ್ ಬೆಳೆಯುತ್ತಿರುತ್ತದೆ, ಆಗ ನಮ್ಮ ಕಾವಲು ಎದ್ದಿರಬೇಕು. ಆಗ ಸ್ಟೆರಾಯ್ಡ್ ಕೊಟ್ಟರೆ ಓಬವ್ವನ ಕೈಯಿಂದ ಒನಕೆ ಕಿತ್ತುಕೊಂಡ ಹಾಗೆ. ಒಂದು ವಾರ ಕಳೆಯುವ ಹೊತ್ತಿಗೆ ಹೆಚ್ಚಿನವರಲ್ಲಿ ವೈರಸ್ ಇಳಿಮುಖವಾಗಿರುತ್ತದೆ, ಉರಿಯೂತ ಏರುಮುಖವಾಗಿರುತ್ತದೆ. ಆಮ್ಲಜನಕ ಇಳಿಯತೊಡಗಿದರೆ ಆಗ ಅದೇ ಔಷಧ ಜೀವ ಉಳಿಸುತ್ತದೆ. ಅತ್ತೆಯ ಪ್ರಶ್ನೆಗೆ ಉತ್ತರವೂ ಇದೇ. ಜ್ವರ ಬಿಟ್ಟದ್ದು ರೋಗದ ಮೊದಲ ಅಧ್ಯಾಯ ಮುಗಿದದ್ದು. ಎರಡನೆಯದು ಒಳಗೊಳಗೇ ಶುರುವಾಗಿತ್ತು.

ಇದನ್ನು ತಿಳಿಯದೆ ನಾವು ತೆತ್ತ ಬೆಲೆ ದೊಡ್ಡದು. ನಮ್ಮ ಕಡೆ ಜ್ವರ ಬಂದರೆ ಸೂಜಿ ಆಗಲೇಬೇಕು. 'ಒಂದು ಸೂಜಿ ಮಾಡ್ಬಿಡಿ ಸರ್, ನಾಳೆ ಕೆಲಸಕ್ಕೆ ಹೋಗ್ಬೇಕು' ಅನ್ನುವುದು ಎಲ್ಲ ಕ್ಲಿನಿಕ್ಕುಗಳಲ್ಲೂ ಕೇಳುವ ಮಾತು. ಆ ಸೂಜಿಯಲ್ಲಿ ಸ್ಟೆರಾಯ್ಡ್ ಇದ್ದರೆ ಜ್ವರ, ನೋವು ಸಂಜೆಯೊಳಗೆ ಮಾಯ. ಜನ ಮೆಚ್ಚುತ್ತಾರೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಒಬ್ಬರ ಚೀಟಿ ಹತ್ತು ಜನರ ಕೈಗೆ ಹೋಗಿ, ಎರಡನೇ ದಿನದಿಂದಲೇ ಸ್ಟೆರಾಯ್ಡ್ ಮಾತ್ರೆ ನುಂಗಿದವರನ್ನು ನಾನೇ ನೋಡಿದ್ದೇನೆ. ನಮ್ಮ ಓಣಿಯ ಹಿರಿಯರೊಬ್ಬರಿಗೆ ಷುಗರ್ ಇತ್ತು. ಹಾಗೆ ತಿಂದ ಮಾತ್ರೆಗಳಿಂದ ಷುಗರ್ ಗಗನಕ್ಕೇರಿತು, ಕಪ್ಪು ಶಿಲೀಂಧ್ರ ಬಂತು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಆ ವರ್ಷ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಕಪ್ಪು ಶಿಲೀಂಧ್ರ ತಗುಲಿತು. ಅಂಕೆ ಮೀರಿದ ಷುಗರ್, ಬೇಕಾಬಿಟ್ಟಿ ಸ್ಟೆರಾಯ್ಡ್, ಎರಡೂ ಅದರ ಹಿಂದಿದ್ದವು.

ಕೋವಿಡ್‌ನಲ್ಲಿ ಕಲಿತದ್ದನ್ನು ಫ್ಲೂಗೆ ಹಾಗೆಯೇ ಅಂಟಿಸುವಂತೆಯೂ ಇಲ್ಲ. ಫ್ಲೂ ನ್ಯುಮೋನಿಯಾದಲ್ಲಿ ಸ್ಟೆರಾಯ್ಡ್‌ನಿಂದ ಲಾಭ ಇದೆ ಅಂತ ತೋರಿಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಬೇಡ ಅನ್ನುವ ಕಡೆಗೇ ವಾಲಿದೆ. ಫ್ಲೂಗೆ ಬೇಕಾದದ್ದು ಒಸೆಲ್ಟಮಿವಿರ್‌ನಂಥ ವೈರಸ್ ವಿರೋಧಿ ಔಷಧ. ಅದನ್ನು ಎರಡು ದಿನಗಳೊಳಗೆ ಶುರು ಮಾಡಿದರೆ ಹೆಚ್ಚು ಫಲ. ಅಲ್ಲೂ ಮತ್ತೆ ದಿನದ ಲೆಕ್ಕವೇ.

ಐಎಲ್-6 ಸಂಕೇತವನ್ನು ತಡೆಯುವ ಟೊಸಿಲಿಜುಮ್ಯಾಬ್ ಕೂಡ ಉಪಯೋಗಕ್ಕೆ ಬಂತು. ರಿಕವರಿ ಪ್ರಯೋಗದಲ್ಲಿ ಸಾವಿನ ಪ್ರಮಾಣ ನೂರಕ್ಕೆ 35ರಿಂದ 31ಕ್ಕೆ ಇಳಿಯಿತು. ಆದರೆ ಅದರ ಬೆಲೆ ಕೂಲಿಕಾರರ ಮನೆಗೆ ಎಟುಕುವಂಥದ್ದಲ್ಲ. ಅದಕ್ಕಾಗಿ ಒಡವೆ ಅಡವಿಟ್ಟವರಿದ್ದರು.

ಔಷಧಗಳಿಗಿಂತ ನನಗೆ ಅಚ್ಚರಿ ತಂದದ್ದು ಮಗುಚಿ ಮಲಗಿಸುವುದು. ನೆನೆದ ಮಂಡಕ್ಕಿ ತಳಕ್ಕೆ ಕೂರುವ ಮಾತು ಹೇಳಿದೆನಲ್ಲ. ರೋಗಿಯನ್ನು ಬೋರಲಾಗಿ ಮಲಗಿಸಿದರೆ ಬೆನ್ನಿನ ಕಡೆ ಅಪ್ಪಚ್ಚಿಯಾಗಿದ್ದ ಗಾಳಿಗೂಡುಗಳ ಮೇಲಿನ ಭಾರ ಇಳಿದು ಅವು ಮತ್ತೆ ಬಿಚ್ಚಿಕೊಳ್ಳುತ್ತವೆ. 2013ರಲ್ಲಿ ಬಂದ ಫ್ರಾನ್ಸಿನ ಪ್ರಯೋಗವೊಂದರಲ್ಲಿ, ಎಆರ್‌ಡಿಎಸ್ ತೀವ್ರವಾಗಿ ವೆಂಟಿಲೇಟರ್ ಮೇಲಿದ್ದವರನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸಿದ್ದಕ್ಕೇ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿದಿತ್ತು. ವೆಂಟಿಲೇಟರ್ ಕೂಡ ಜಾಸ್ತಿ ಗಾಳಿ ನೂಕಿದರೆ ಗಾಯದ ಮೇಲೆ ಗಾಯ. 2000ದಲ್ಲಿ ಅಮೆರಿಕದ ಪ್ರಯೋಗ ಅದನ್ನು ತೋರಿಸಿತು. ಒಂದು ಉಸಿರಿಗೆ ಕೊಡುವ ಗಾಳಿಯನ್ನು ಅರ್ಧಕ್ಕೆ ಇಳಿಸಿದಾಗ ಸಾವು 40ರಿಂದ 31ಕ್ಕೆ ಇಳಿಯಿತು.

ಇನ್ನು ಇಮ್ಯುನಿಟಿ ಹೆಚ್ಚಿಸುವ ಪುಡಿ, ಸಿರಪ್ಪುಗಳ ಮಾತು. ಮನೆಯ ಶುಂಠಿ ಮೆಣಸಿನ ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಗಂಟಲಿಗೆ ಹಿತ, ನಮ್ಮಮ್ಮ ಈಗಲೂ ಮಾಡಿಕೊಡುತ್ತಾರೆ. ಆದರೆ ರೋಗನಿರೋಧಕ ಶಕ್ತಿ ಅನ್ನುವುದು ಕೊಡದಲ್ಲಿ ತುಂಬಿಡುವ ನೀರಲ್ಲ, ಜಾಸ್ತಿ ತುಂಬಿದಷ್ಟೂ ಒಳ್ಳೆಯದು ಅನ್ನುವುದಕ್ಕೆ. ಅದು ಬೇಗ ಏಳಬೇಕು, ಗುರಿ ನೋಡಿ ಹೊಡೆಯಬೇಕು, ಕೆಲಸ ಮುಗಿದ ಮೇಲೆ ಆರಬೇಕು. ಈ ಮೂರನ್ನೂ ಕಲಿಸುವ ಶಕ್ತಿ ಯಾವ ಪುಡಿಗೂ ಇಲ್ಲ. ಲಸಿಕೆಗೆ ಬಹುಮಟ್ಟಿಗೆ ಇದೆ. ಲಸಿಕೆ ಕಾವಲಿಗೆ ಶತ್ರುವಿನ ಮುಖವನ್ನು ಮೊದಲೇ ತೋರಿಸಿಡುತ್ತದೆ. ವೈರಸ್ ಗಾಳಿಗೂಡಿಗೆ ಇಳಿಯುವ ಮೊದಲೇ ಕೆಲಸ ಮುಗಿದರೆ ಉರಿಯೂತದ ಆ ಎರಡನೇ ಅಲೆ ಏಳುವ ಸಂದರ್ಭವೇ ಬಹಳ ಕಡಿಮೆ. ಹಿರಿಯರು, ಷುಗರ್ ಇರುವವರು, ಗರ್ಭಿಣಿಯರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ರೂಢಿ ನಮ್ಮೂರಲ್ಲಿ ಇನ್ನೂ ಬಂದಿಲ್ಲ. ಅದು ಬರಬೇಕು.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ್ದಲ್ಲ. ಜ್ವರ ಶುರುವಾದ ದಿನವನ್ನು ಬರೆದಿಡಿ. ಐದನೇ ದಿನದಿಂದ ಹತ್ತನೇ ದಿನದವರೆಗೆ, ಜ್ವರ ಬಿಟ್ಟಿದ್ದರೂ, ಹುಷಾರಾಗಿರಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಬಂದರೆ, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತಿದರೆ, ತುಟಿ ನೀಲಿಯಾದರೆ, ಮಾತು ತೊದಲಿ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಾವ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ವೆಂಟಿಲೇಟರ್ ಹಾಕುವ ಮಟ್ಟಕ್ಕೆ ಹೋಗಲಿಲ್ಲ. ಬೋರಲು ಮಲಗಿ ಮಲಗಿ ಮೊಣಕೈ ಚರ್ಮ ಸುಲಿದಿತ್ತು. ಸುಟ್ಟ ಜಾಗದಲ್ಲಿ ಕಲೆ ಉಳಿಯುವ ಹಾಗೆ ಶ್ವಾಸಕೋಶದಲ್ಲೂ ಒಂದಿಷ್ಟು ಗಟ್ಟಿಯಾದ ಎಳೆಗಳು ಉಳಿದಿವೆ. ಮಹಡಿ ಹತ್ತಿದರೆ ಈಗಲೂ ನಡುವೆ ಒಮ್ಮೆ ನಿಲ್ಲುತ್ತಾರೆ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಿಧಾನವಾಗಿ ನಡೆಯುತ್ತಾರೆ.

ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಎಷ್ಟನೇ ದಿನ ಅಂತ ಕೇಳಿದಾಗ ನಾನು ಆರು ಅಂದೆ, ಮಾವನ ಮಗ ಹತ್ತು ಅಂದ. ಅತ್ತೆ ಮಾತ್ರ ಒಂದು ಕ್ಷಣವೂ ತಡೆಯದೆ "ಎಂಟು ಸರ್" ಅಂದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಮಾವನಿಗೆ ಚಳಿ ಬಂದ ರಾತ್ರಿಯ ತಾರೀಖಿಗೆ ಅವರು ಸುತ್ತು ಹಾಕಿಟ್ಟಿದ್ದರು. ಈಗ ಆ ಮನೆಯಲ್ಲಿ ಯಾರಿಗೆ ಮೈ ಬಿಸಿಯಾದರೂ, ಮೊಮ್ಮಗುವಿಗೆ ಬರೀ ನೆಗಡಿಯಾದರೂ, ಅತ್ತೆ ಮೊದಲು ಹುಡುಕುವುದು ಕ್ಯಾಲೆಂಡರಿಗೆ ದಾರ ಕಟ್ಟಿ ಇಳಿಬಿಟ್ಟ ಆ ಪೆನ್ನನ್ನು.